ಕೋಲಾರದ ಮನೆಯಂಗಳದಲ್ಲಿ ಸೇಜ್ ಬೆಳೆಸುವುದು: ಸಮಗ್ರ ಮಾರ್ಗದರ್ಶಿ

ಸೇಜ್ ಎಂದರೆ ಅಡುಗೆಗೆ ಎಲೆ ಬಳಸುವ ಘಮದ ಗಿಡ. ನಮ್ಮ ಕೋಲಾರದ ಮನೆಗಳಲ್ಲಿ ಅದು ಬಿಸಿಲಿಗೆ ಸಾಯುವುದು ಅಪರೂಪ. ಬಹುಪಾಲು ಗಿಡಗಳು ನೀರಿನಿಂದಲೇ ಸಾಯುತ್ತವೆ. ಬೆಳಿಗ್ಗೆ ತುಳಸಿಗೆ ನೀರೆರೆಯುವ ಕೈ ಪಕ್ಕದ ಕುಂಡಕ್ಕೂ ಒಂದು ಚೊಂಬು ಸುರಿಯುತ್ತದೆ. ತುಳಸಿ, ಪುದೀನ, ದೊಡ್ಡಪತ್ರೆ ಎಲ್ಲವೂ ಸೇಜ್‌ನ ಕುಟುಂಬದವೇ ಆದ್ದರಿಂದ ಉಪಚಾರವೂ ಒಂದೇ ಇರಬೇಕೆಂದು ಯಾರಿಗಾದರೂ ಅನ್ನಿಸುತ್ತದೆ. ಆದರೆ ಸೇಜ್‌ನ ತವರು ಮೆಡಿಟರೇನಿಯನ್ ಸಮುದ್ರದ ಸುತ್ತಲಿನ ಕಲ್ಲುಗುಡ್ಡಗಳು. ಅಲ್ಲಿ ಬೇಸಿಗೆಯಲ್ಲಿ ಮಳೆ ಬರುವುದೇ ಕಡಿಮೆ. ಮಣ್ಣು ತೆಳುವಾಗಿರುತ್ತದೆ, ಬಿದ್ದ ನೀರು ಕಲ್ಲಿನ ಸಂದಿಗಳಲ್ಲಿ ಇಳಿದು ಹೋಗುತ್ತದೆ. ಬೇರಿನ ಸುತ್ತ ನೀರು ನಿಂತರೆ ಅದನ್ನು ತಡೆದುಕೊಳ್ಳುವ ಶಕ್ತಿ ಈ ಗಿಡಕ್ಕಿಲ್ಲ.

ಹಾಗೆ ನೋಡಿದರೆ ನಮ್ಮ ಜಿಲ್ಲೆ ಅದಕ್ಕೆ ಒಗ್ಗುವ ಜಾಗವೇ. ಸಮುದ್ರಮಟ್ಟದಿಂದ 800 ಮೀಟರ್‌ಗಿಂತ ಎತ್ತರದ ನೆಲ, ಒಣ ಗಾಳಿ, ಕೆಂಪು ಮಣ್ಣು, ವರ್ಷಕ್ಕೆ 700ರಿಂದ 750 ಮಿಲಿಮೀಟರ್ ಆಸುಪಾಸಿನ ಮಳೆ, ಹಿತವಾದ ಚಳಿಗಾಲ. ತೊಂದರೆ ಕೊಡುವ ಕಾಲಗಳು ಎರಡು. ಒಂದು, ಮಾರ್ಚ್‌ನಿಂದ ಮೇವರೆಗಿನ ಮಧ್ಯಾಹ್ನದ ಕಾವು. ಇನ್ನೊಂದು, ಸೆಪ್ಟೆಂಬರ್‌ನಿಂದ ನವೆಂಬರ್‌ವರೆಗಿನ ಮಳೆ. ಕಾವನ್ನು ಗಿಡ ಹೇಗೋ ಸಹಿಸಿಕೊಳ್ಳುತ್ತದೆ. ಮಳೆಗೆ ಮಾತ್ರ ನಾವು ಮೊದಲ ದಿನದಿಂದಲೇ, ಅಂದರೆ ಕುಂಡಕ್ಕೆ ಮಣ್ಣು ತುಂಬುವಾಗಲೇ ಸಿದ್ಧತೆ ಮಾಡಿಕೊಳ್ಳಬೇಕು.

ಸರಿಯಾದ ಗಿಡವನ್ನೇ ತನ್ನಿ

ನರ್ಸರಿಯಲ್ಲಿ ‘ಸಾಲ್ವಿಯಾ’ ಎಂದು ಕೇಳಿದರೆ ಉದ್ಯಾನಗಳಲ್ಲಿ ಕಾಣುವ, ಕೆಂಪು ಹೂವಿನ ಅಲಂಕಾರದ ಗಿಡವನ್ನು ಕೈಗೆ ಕೊಡುತ್ತಾರೆ. ಅದು ಅಡುಗೆಗೆ ಬರುವುದಿಲ್ಲ. ನಮಗೆ ಬೇಕಾದದ್ದು ಸಾಲ್ವಿಯಾ ಅಫಿಸಿನಾಲಿಸ್, ಅಂದರೆ ಅಡುಗೆಯ ಸೇಜ್. ಅಂಗಡಿಗಳಲ್ಲಿ ಸಿಗುವ ಚಿಯಾ ಬೀಜವೂ ಇದೇ ಕುಲದ ಇನ್ನೊಂದು ಗಿಡದ್ದು. ಅದನ್ನು ಬಿತ್ತಿ ಸೇಜ್ ನಿರೀಕ್ಷಿಸಬೇಡಿ.

ಗುರುತು ಹಿಡಿಯಲು ಎಲೆಯೊಂದೇ ಸಾಕು. ಅಡುಗೆ ಸೇಜ್‌ನ ಎಲೆ ಉದ್ದನೆಯದು, ಬೂದಿ ಬೆರೆತ ಹಸಿರು ಬಣ್ಣದ್ದು. ಮೇಲ್ಮೈಯಲ್ಲಿ ಸಣ್ಣ ಸಣ್ಣ ಉಬ್ಬುಗಳ ಜಾಲವಿರುತ್ತದೆ, ತಳಭಾಗದಲ್ಲಿ ನರಗಳು ಎದ್ದು ಕಾಣುತ್ತವೆ. ಹೆಬ್ಬೆರಳಿನಿಂದ ಸವರಿದರೆ ಮಖಮಲ್ಲಿನಂತೆ ಮೃದು, ಏಕೆಂದರೆ ಎಲೆಯ ಮೈತುಂಬ ನವಿರಾದ ರೋಮಗಳಿವೆ. ಸ್ವಲ್ಪ ಒತ್ತಿ ಉಜ್ಜಿದರೆ ಕರ್ಪೂರದ ಜೊತೆ ಏನೋ ಕಟುವಾದ ಮರದ ಘಮ ಬೆರೆತಂತೆ ವಾಸನೆ ಬರುತ್ತದೆ. ಅಲಂಕಾರದ ಸಾಲ್ವಿಯಾದ ಎಲೆ ತೆಳ್ಳಗೆ, ಅಚ್ಚ ಹಸಿರಾಗಿರುತ್ತದೆ. ಅದಕ್ಕೆ ಈ ಘಮವಿಲ್ಲ.

ನೇರಳೆ ಎಲೆಯ ತಳಿ, ಹಳದಿ ಅಂಚಿನ ತಳಿ, ಬಿಳಿ, ಹಸಿರು, ಗುಲಾಬಿ ಮೂರೂ ಬೆರೆತ ತಳಿಗಳೂ ಇವೆ. ನೋಡಲು ಚೆನ್ನ. ಮೊದಲ ಸಲ ಬೆಳೆಸುವವರು ಸಾಮಾನ್ಯ ಬೂದು ಹಸಿರಿನ ತಳಿಯನ್ನೇ ತರುವುದು ಮೇಲು. ಅದು ಹೆಚ್ಚು ಗಟ್ಟಿ, ಘಮವೂ ಚೆನ್ನಾಗಿರುತ್ತದೆ.

ಕೊಳ್ಳುವ ಮುನ್ನ ಕುಂಡವನ್ನು ಓರೆ ಮಾಡಿ ಗಿಡವನ್ನು ಮೆಲ್ಲಗೆ ಹೊರಗೆಳೆದು ತೋರಿಸಲು ಹೇಳಿ. ಬೇರು ಬೆಳ್ಳಗೆ ಅಥವಾ ತಿಳಿ ಕಂದಾಗಿದ್ದು ಗಟ್ಟಿಯಾಗಿರಬೇಕು. ಕಪ್ಪಾಗಿದ್ದರೆ, ಕೊಳೆತ ವಾಸನೆ ಬಂದರೆ, ಎಲೆ ಎಷ್ಟೇ ಚೆನ್ನಾಗಿದ್ದರೂ ಬೇಡ. ತೋರಿಸಲು ಒಪ್ಪದ ನರ್ಸರಿಯಲ್ಲಿ ನಾನಂತೂ ಗಿಡ ಕೊಳ್ಳುವುದಿಲ್ಲ.

ಯಾವಾಗ ಶುರು ಮಾಡಬೇಕು

ಕಾರ್ತಿಕದ ಮಳೆ ನಿಂತ ಮೇಲೆ. ನವೆಂಬರ್ ಕೊನೆಯಿಂದ ಜನವರಿವರೆಗೆ ನೆಟ್ಟ ಗಿಡಕ್ಕೆ ತಂಪು ರಾತ್ರಿ, ಒಳ್ಳೆಯ ಬಿಸಿಲು, ಒಣ ಗಾಳಿ ಮೂರೂ ಸಿಗುತ್ತವೆ. ಶಿವರಾತ್ರಿ ಬರುವ ಹೊತ್ತಿಗೆ ಬೇರು ಕುಂಡದ ತುಂಬ ಹರಡಿಕೊಂಡಿರುತ್ತದೆ. ಆಮೇಲೆ ಬರುವ ಬೇಸಿಗೆ ಅದಕ್ಕೆ ದೊಡ್ಡ ಪರೀಕ್ಷೆಯಲ್ಲ. ಜೂನ್ ಕೊನೆ, ಜುಲೈ ತಿಂಗಳ ಮೋಡ ಕವಿದ ದಿನಗಳಲ್ಲಿ ನೆಟ್ಟರೂ ಬದುಕುತ್ತದೆ. ಆದರೆ ಎಳೆಯ ಬೇರು ಬಲಿಯುವ ಮೊದಲೇ ಸೆಪ್ಟೆಂಬರ್ ಮಳೆ ಎದುರಾಗುತ್ತದೆ. ಏಪ್ರಿಲ್‌ನಲ್ಲಿ ನೆಡಲೇಬೇಡಿ.

ಕುಂಡ

ಸುಟ್ಟ ಮಣ್ಣಿನ, ಬಣ್ಣ ಬಳಿಯದ ಕುಂಡವೇ ಆಗಬೇಕು. ಅದರ ಗೋಡೆ ಉಸಿರಾಡುತ್ತದೆ, ಒಳಗಿನ ತೇವ ಬದಿಗಳಿಂದಲೂ ಆರುತ್ತದೆ. ಬಾಯಿ 10ರಿಂದ 12 ಅಂಗುಲ, ಆಳವೂ ಅಷ್ಟೇ ಇದ್ದರೆ ಒಂದು ಗಿಡ ಮೂರು ವರ್ಷ ನೆಮ್ಮದಿಯಾಗಿ ಬೆಳೆಯುತ್ತದೆ. ತಳದಲ್ಲಿ ಒಂದೇ ಸಣ್ಣ ತೂತಿದ್ದರೆ ಮೊಳೆಯಿಂದ ಇನ್ನೆರಡು ಮಾಡಿಕೊಳ್ಳಿ. ಕುಂಡವನ್ನು ನೀರಿನಲ್ಲಿ ಒಂದು ರಾತ್ರಿ ನೆನೆಸಿಟ್ಟು ಆಮೇಲೆ ಕೊರೆದರೆ ಒಡೆಯುವ ಭಯ ಕಡಿಮೆ. ಪೇಂಟ್ ಡಬ್ಬಿ, ಕಪ್ಪು ಗ್ರೋಬ್ಯಾಗ್‌ಗಳಲ್ಲೂ ಬೆಳೆಸಬಹುದು. ಆದರೆ ಅವು ಬೇಸಿಗೆಯಲ್ಲಿ ಬೇರನ್ನು ಬೇಯಿಸುತ್ತವೆ, ಮಳೆಗಾಲದಲ್ಲಿ ತೇವವನ್ನು ಬಿಡುವುದೇ ಇಲ್ಲ.

ಒಮ್ಮೆಲೇ ದೊಡ್ಡ ಕುಂಡಕ್ಕೆ ಹೋಗುವ ಆಸೆಯೂ ಬೇಡ. ಎಳೆಯ ಗಿಡದ ಬೇರು ತಲುಪದ ಮಣ್ಣು ಸುಮ್ಮನೆ ತೇವವಾಗಿಯೇ ಉಳಿದು ಕೊಳೆತಕ್ಕೆ ದಾರಿ ಮಾಡಿಕೊಡುತ್ತದೆ. ಕೈಯಗಲದ ಗಿಡಕ್ಕೆ ಮೊದಲು 6 ಅಂಗುಲದ ಕುಂಡ ಸಾಕು.

ಮಣ್ಣು: ಎಲ್ಲಕ್ಕಿಂತ ಮುಖ್ಯವಾದ ಕೆಲಸ

ಕುಂಡದ ತಳಕ್ಕೆ ಎರಡು ಮೂರು ಅಂಗುಲ ಜಲ್ಲಿ ಹಾಕಿ ಅದರ ಮೇಲೆ ಮಣ್ಣು ತುಂಬುವ ಪದ್ಧತಿ ನಮ್ಮಲ್ಲಿ ಎಲ್ಲ ಕಡೆ ಇದೆ. ನೀರು ಚೆನ್ನಾಗಿ ಬಸಿಯುತ್ತದೆಂದು ನಂಬಿ ಹಾಗೆ ಮಾಡುತ್ತಾರೆ. ಆಗುವುದು ಅದಕ್ಕೆ ವಿರುದ್ಧ. ನಯವಾದ ಮಣ್ಣಿನಿಂದ ದಪ್ಪ ಜಲ್ಲಿಗೆ ನೀರು ಸುಲಭವಾಗಿ ಇಳಿಯುವುದಿಲ್ಲ. ಮಣ್ಣಿನ ಸಣ್ಣ ರಂಧ್ರಗಳು ನೀರನ್ನು ಹಿಡಿದುಕೊಂಡಿರುತ್ತವೆ. ಮೇಲಿನ ಮಣ್ಣು ಪೂರ್ತಿ ಕೆಸರಾಗುವವರೆಗೂ ಜಲ್ಲಿಯೊಳಕ್ಕೆ ನೀರು ಹರಿಯುವುದಿಲ್ಲ. ಹೀಗಾಗಿ ತೇವದ ಪದರ ಕುಂಡದ ತಳದಲ್ಲಿರುವ ಬದಲು ಬೇರಿಗೆ ಇನ್ನೂ ಹತ್ತಿರಕ್ಕೆ, ಮೇಲಕ್ಕೆ ಬಂದು ಕೂರುತ್ತದೆ. ತೂತಿನ ಮೇಲೆ ಮಣ್ಣು ಸೋರದಂತೆ ಒಂದು ಹೆಂಚಿನ ಚೂರನ್ನು ಬೋರಲು ಹಾಕಿ, ಅಷ್ಟೇ. ಜಲ್ಲಿ ಬೇಕಾಗಿರುವುದು ತಳಕ್ಕಲ್ಲ, ಮಣ್ಣಿನ ಉದ್ದಗಲಕ್ಕೂ.

ನಾನು ಬಳಸುವ ಮಿಶ್ರಣ ಹೀಗಿದೆ. ಅಳತೆ ಯಾವುದಾದರೂ ಒಂದು ಬಾಂಡಲಿಯದ್ದು.

ಕೆಂಪು ಮಣ್ಣು ಎರಡು ಪಾಲು. ದಪ್ಪ ಮರಳು ಅಥವಾ 3ರಿಂದ 6 ಮಿಲಿಮೀಟರ್ ಗಾತ್ರದ ಕಲ್ಲಿನ ಚೂರು ಎರಡು ಪಾಲು. ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಅಥವಾ ಎರೆಗೊಬ್ಬರ ಒಂದು ಪಾಲು. ಒಂದು ಹಿಡಿ ಬೇವಿನ ಹಿಂಡಿ.

ಎರಡನೆಯ ಸಾಮಗ್ರಿಯ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು. ಈಗ ಹೊಳೆ ಮರಳು ಸಿಗುವುದು ಕಷ್ಟ, ಎಲ್ಲೆಲ್ಲೂ ಎಂ-ಸ್ಯಾಂಡ್. ಅದರಲ್ಲಿ ಕಲ್ಲಿನ ಪುಡಿ ಸೇರಿರುತ್ತದೆ. ಹಾಗೆಯೇ ಬೆರೆಸಿದರೆ ಒಂದೆರಡು ತಿಂಗಳಲ್ಲಿ ಕುಂಡದ ಮಣ್ಣು ಗಾರೆಯಂತೆ ಗಟ್ಟಿಯಾಗುತ್ತದೆ. ಬಕೆಟ್‌ನಲ್ಲಿ ಹಾಕಿ, ನೀರು ತುಂಬಿ, ಕೈಯಾಡಿಸಿ, ಬೂದು ನೀರನ್ನು ಚೆಲ್ಲಿ. ನೀರು ತಿಳಿಯಾಗುವವರೆಗೆ ಮತ್ತೆ ಮತ್ತೆ ತೊಳೆಯಿರಿ. ತೊಳೆಯುವ ತಾಳ್ಮೆಯಿಲ್ಲದಿದ್ದರೆ ಹೆಂಚು, ಇಟ್ಟಿಗೆಯ ಚೂರು ಇನ್ನೂ ಒಳ್ಳೆಯದು. ಮಾಲೂರಿನ ಹೆಂಚು, ಇಟ್ಟಿಗೆಗೆ ಹೆಸರಾದ ಜಿಲ್ಲೆ ನಮ್ಮದು. ಒಡೆದ ಹೆಂಚು ಯಾವ ಹಳೆಯ ಮನೆಯ ಹಿತ್ತಲಿನಲ್ಲೂ ಸಿಗುತ್ತದೆ. ಗೋಣಿಚೀಲದೊಳಗೆ ಹಾಕಿ ಸುತ್ತಿಗೆಯಿಂದ ಜಜ್ಜಿ, ಜರಡಿ ಹಿಡಿದು ಪುಡಿಯನ್ನು ತೆಗೆದುಬಿಡಿ. ಉಳಿಯುವ ಕಡಲೆ ಗಾತ್ರದ ಚೂರುಗಳು ಮಣ್ಣಿನಲ್ಲಿ ಗಾಳಿಗೆ ಜಾಗ ಮಾಡಿಕೊಡುತ್ತವೆ.

ಕೆರೆ ಗೋಡು ಹಾಕಬೇಡಿ. ಹೊಲಕ್ಕೆ ಅದು ಚಿನ್ನ, ನಮ್ಮ ಹಿರಿಯರು ಬೇಸಿಗೆಯಲ್ಲಿ ಗಾಡಿಗಟ್ಟಲೆ ಹೊಡೆಸುತ್ತಿದ್ದದ್ದು ಸುಮ್ಮನೆ ಅಲ್ಲ. ಆದರೆ ಅದರ ಗುಣವೇ ನೀರನ್ನು ಹಿಡಿದಿಟ್ಟುಕೊಳ್ಳುವುದು. ರಾಗಿಗೆ ವರವಾಗುವ ಆ ಗುಣ ಕುಂಡದ ಸೇಜ್‌ಗೆ ಶಾಪ. ತೆಂಗಿನ ನಾರಿನ ಪುಡಿಯನ್ನೂ, ಅಂದರೆ ಕೋಕೋಪೀಟನ್ನೂ, ಇದೇ ಕಾರಣಕ್ಕೆ ಮಿಶ್ರಣದಿಂದ ಹೊರಗಿಡಿ.

ಮಿಶ್ರಣ ಸರಿಯಾಗಿದೆಯೇ ಎಂದು ನೆಡುವ ಮೊದಲೇ ಪರೀಕ್ಷಿಸಬಹುದು. ಕುಂಡ ತುಂಬಿಸಿ, ಒಮ್ಮೆ ನೀರು ಹಾಕಿ ಮಣ್ಣು ಕೂರಲು ಬಿಡಿ. ಮತ್ತೆ ಒಂದು ಚೊಂಬು ಸುರಿಯಿರಿ. ಮೇಲ್ಮೈಯ ನೀರು ಕೆಲವೇ ಸೆಕೆಂಡುಗಳಲ್ಲಿ ಇಂಗಬೇಕು, ಒಂದು ನಿಮಿಷದೊಳಗೆ ತಳದಿಂದ ಹರಿಯಲು ಶುರುವಾಗಬೇಕು. ಮೇಲೆ ಕೊಳದಂತೆ ನಿಂತರೆ ಎಲ್ಲವನ್ನೂ ಹೊರಗೆ ಸುರಿದು ಇನ್ನೊಂದು ಪಾಲು ಹೆಂಚಿನ ಚೂರು ಸೇರಿಸಿ. ಬೇಸರವೆನಿಸಿದರೂ ಈ ಕೆಲಸ ಈಗಲೇ ಆಗಬೇಕು. ನೆಟ್ಟ ಮೇಲೆ ಸರಿಪಡಿಸುವ ದಾರಿಯಿಲ್ಲ.

ನೆಲದಲ್ಲಿ ನೆಡುವವರು ಒಂದಡಿ ಎತ್ತರದ ಏರುಮಡಿ ಮಾಡಿ ಇದೇ ಮಿಶ್ರಣ ತುಂಬಿ. ಗಿಡದಿಂದ ಗಿಡಕ್ಕೆ ಒಂದೂವರೆಯಿಂದ ಎರಡು ಅಡಿ ಇರಲಿ.

ಗಿಡ ಮಾಡುವ ಮೂರು ದಾರಿ

ಬೀಜದಿಂದ ಮಾಡಬಹುದು, ಆದರೆ ನಿಧಾನ. ಬೀಜ ಸಾಸಿವೆಯಂತೆ ಸಣ್ಣದು, ಗುಂಡಗೆ, ಕಂದು ಬಣ್ಣದ್ದು. ಹಳೆಯದಾದಷ್ಟೂ ಮೊಳೆಯುವ ಶಕ್ತಿ ಕುಗ್ಗುತ್ತದೆ, ಆದ್ದರಿಂದ ಪೊಟ್ಟಣದ ಮೇಲಿನ ದಿನಾಂಕ ನೋಡಿ. ಅರ್ಧ ಸೆಂಟಿಮೀಟರ್ ಆಳಕ್ಕೆ ಬಿತ್ತಿ, ನೀರನ್ನು ಸಿಂಪಡಿಸಿ, ನೆರಳಿರುವ ಬೆಳಕಿನಲ್ಲಿಡಿ. 18ರಿಂದ 21 ಡಿಗ್ರಿ ತಾಪಮಾನದಲ್ಲಿ ಎರಡರಿಂದ ಮೂರು ವಾರದಲ್ಲಿ ಮೊಳಕೆ ಬರುತ್ತದೆ, ಅದೂ ಒಂದೇ ಸಮಕ್ಕಲ್ಲ. ನಮ್ಮ ಡಿಸೆಂಬರ್ ಇದಕ್ಕೆ ಸರಿಯಾದ ಕಾಲ. ನಾಲ್ಕು ಜೊತೆ ಎಲೆ ಬಂದ ಮೇಲೆ ಸಣ್ಣ ಕುಂಡಕ್ಕೆ ಬದಲಾಯಿಸಿ. ಬೀಜದ ಗಿಡದಿಂದ ಮೊದಲ ವರ್ಷ ನಾಲ್ಕಾರು ಎಲೆಗಿಂತ ಹೆಚ್ಚು ಆಸೆಪಡಬಾರದು.

ಕಡ್ಡಿಯಿಂದ ಮಾಡುವುದು ಚುರುಕು. ಹೂವಿಲ್ಲದ, ತೀರಾ ಎಳೆಯದೂ ಅಲ್ಲದ, ಕಟ್ಟಿಗೆಯೂ ಆಗದ ತುದಿಯನ್ನು 8ರಿಂದ 10 ಸೆಂಟಿಮೀಟರ್ ಉದ್ದಕ್ಕೆ, ಗಿಣ್ಣಿನ ಸ್ವಲ್ಪ ಕೆಳಗೆ ಕತ್ತರಿಸಿ. ಕೆಳಗಿನ ಎಲೆಗಳನ್ನು ಬಿಡಿಸಿ, ತುದಿಯಲ್ಲಿ ಎರಡು ಮೂರು ಜೊತೆ ಉಳಿಸಿ. ತೊಳೆದ ಮರಳಿನಲ್ಲಿ ಮೂರನೇ ಒಂದು ಭಾಗ ಇಳಿಯುವಂತೆ ಚುಚ್ಚಿ. ಬೇರು ಬರಿಸುವ ಪುಡಿಯಿದ್ದರೆ ಅದ್ದಬಹುದು, ಇಲ್ಲದಿದ್ದರೂ ನಡೆಯುತ್ತದೆ. ಕೋಕೋಪೀಟ್‌ಗೆ ಇಲ್ಲಿ ಮಾತ್ರ ಸ್ವಲ್ಪ ಜಾಗವಿದೆ. ಮರಳಿಗೆ ಕಾಲು ಭಾಗದಷ್ಟು ಸೇರಿಸಿದರೆ ತೇವ ಸಮನಾಗಿ ಉಳಿಯುತ್ತದೆ. ನಾಲ್ಕರಿಂದ ಆರು ವಾರ ನೇರ ಬಿಸಿಲು ತಾಗದ ಜಾಗದಲ್ಲಿರಲಿ. ಮೆಲ್ಲಗೆ ಎಳೆದಾಗ ಕಡ್ಡಿ ತಡೆದರೆ ಬೇರು ಬಂದಿದೆ ಎಂದರ್ಥ. ಬೆಂಗಳೂರಿನ ದೊಡ್ಡ ಅಂಗಡಿಗಳಲ್ಲಿ ಅಡುಗೆಗೆಂದು ಮಾರುವ ತಾಜಾ ಸೇಜ್ ಕಡ್ಡಿಗಳೂ ಬಾಡಿರದಿದ್ದರೆ ಹೀಗೆ ಬೇರು ಬಿಡುತ್ತವೆ.

ಮೂರನೆಯದು ನನಗೆ ಬಹಳ ಇಷ್ಟವಾದ ದಾರಿ. ಯಾರ ಮನೆಯಲ್ಲಾದರೂ ಬೆಳೆದ ಗಿಡವಿದ್ದರೆ, ಅದರ ಕೆಳಗಿನ ಒಂದು ಉದ್ದ ಕೊಂಬೆಯನ್ನು ಬಗ್ಗಿಸಿ ಪಕ್ಕದ ಕುಂಡದ ಮಣ್ಣಿಗೆ ತಾಗಿಸಿ. ಮಣ್ಣಿಗೆ ತಾಗುವ ಜಾಗದಲ್ಲಿ ಎಲೆ ತೆಗೆದು, ತೊಗಟೆಯನ್ನು ಉಗುರಿನಿಂದ ತುಸು ಕೆರೆದು, ಒಂದು ಹಿಡಿ ಮಣ್ಣು ಮುಚ್ಚಿ, ಮೇಲೊಂದು ಕಲ್ಲು ಹೇರಿ. ತುದಿ ಹೊರಗೇ ಇರಲಿ. ತಾಯಿ ಗಿಡದಿಂದ ನೀರು, ಆಹಾರ ಸಿಗುತ್ತಲೇ ಇರುವುದರಿಂದ ಕೊಂಬೆ ಬಾಡುವ ಪ್ರಶ್ನೆಯಿಲ್ಲ. ಒಂದೂವರೆ ತಿಂಗಳಾದ ಮೇಲೆ ಕಲ್ಲನ್ನು ಸರಿಸಿ ಮಣ್ಣನ್ನು ಬೆರಳಿನಿಂದ ಕೆದಕಿದರೆ, ಕೆರೆದ ಜಾಗದ ಸುತ್ತ ಬಿಳಿ ದಾರದಂಥ ಬೇರುಗಳು ಕಾಣುತ್ತವೆ. ತಾಯಿಯ ಕಡೆಯಿಂದ ಕತ್ತರಿಸಿ, ಇನ್ನೊಂದು ವಾರ ಹಾಗೆಯೇ ಬಿಟ್ಟು ಆಮೇಲೆ ಕೀಳಿ.

ನೆಡುವುದು

ನರ್ಸರಿ ಗಿಡಗಳು ಸಾಮಾನ್ಯವಾಗಿ ಕೋಕೋಪೀಟ್ ಉಂಡೆಯಲ್ಲಿ ಬೆಳೆದಿರುತ್ತವೆ. ಆ ಉಂಡೆಯನ್ನು ಹಾಗೆಯೇ ನೆಟ್ಟರೆ ಸುತ್ತಲಿನ ಮಣ್ಣು ಒಣಗಿದರೂ ನಡುವಿನ ಉಂಡೆ ತೊಪ್ಪೆಯಾಗಿಯೇ ಇರುತ್ತದೆ. ಇಲ್ಲವೇ ಒಮ್ಮೆ ಪೂರ್ತಿ ಒಣಗಿ, ಆಮೇಲೆ ಎಷ್ಟು ನೀರು ಹಾಕಿದರೂ ಒಳಗೆ ಇಳಿಯುವುದಿಲ್ಲ. ನೀರಿನ ಬಕೆಟ್‌ನಲ್ಲಿ ಹತ್ತು ನಿಮಿಷ ಮುಳುಗಿಸಿ, ಬೆರಳಿನಿಂದ ಉಂಡೆಯ ಹೊರಭಾಗವನ್ನು ಸಡಿಲಿಸಿ, ಸುತ್ತಿಕೊಂಡ ಬೇರುಗಳನ್ನು ಬಿಡಿಸಿ ನೆಡಿ. ಕಾಂಡ ಮೊದಲು ಎಷ್ಟು ಆಳದಲ್ಲಿತ್ತೋ ಅಷ್ಟೇ ಆಳ, ಒಂದು ಬೆರಳಗಲ ಮೇಲಿದ್ದರೂ ಸರಿ, ಕೆಳಗೆ ಮಾತ್ರ ಹೋಗಬಾರದು. ಬುಡದ ಸುತ್ತ ಹುಲ್ಲು, ಒಣಗಿದ ಎಲೆ ಹೊದಿಸಬೇಡಿ. ಸಣ್ಣ ಕಲ್ಲುಗಳನ್ನು ಹರಡಿ. ಕಲ್ಲು ಕಾಂಡದ ಬುಡವನ್ನು ಒಣಗಿಸಿಡುತ್ತದೆ, ಮಳೆಹನಿಗೆ ಮಣ್ಣು ಸಿಡಿದು ಎಲೆಗೆ ಅಂಟುವುದನ್ನೂ ತಡೆಯುತ್ತದೆ.

ಮೊದಲ ವಾರ ಅರೆನೆರಳು, ಆಮೇಲೆ ದಿನಕ್ಕೆ ಒಂದೆರಡು ಗಂಟೆಯಂತೆ ಬಿಸಿಲು ಹೆಚ್ಚಿಸಿ.

ಜೊತೆಗೆ ಇನ್ನೇನಾದರೂ ನೆಡುವ ಆಸೆಯಿದ್ದರೆ ರೋಸ್‌ಮೆರಿ, ಥೈಮ್ ಆಗಬಹುದು, ಅವುಗಳ ಸ್ವಭಾವವೂ ಇದೇ. ಸಸ್ಯಶಾಸ್ತ್ರಜ್ಞರು ರೋಸ್‌ಮೆರಿಯನ್ನು ಈಗ ಸಾಲ್ವಿಯಾ ಕುಲಕ್ಕೇ ಸೇರಿಸಿದ್ದಾರೆ. ಪುದೀನ, ಕೊತ್ತಂಬರಿ, ತುಳಸಿಗಳ ಪಕ್ಕ ಬೇಡ. ಅವುಗಳ ಬಾಯಾರಿಕೆ ತಣಿಸಲು ಹೋಗಿ ಇದನ್ನು ಕಳೆದುಕೊಳ್ಳುತ್ತೀರಿ.

ನೀರು

ದಿನ ಲೆಕ್ಕ ಹಾಕಿ ನೀರು ಕೊಡುವ ಗಿಡವಲ್ಲ ಇದು. ತೋರುಬೆರಳನ್ನು ಎರಡು ಗೆಣ್ಣಿನಷ್ಟು ಮಣ್ಣಿಗೆ ಇಳಿಸಿ ನೋಡಿ. ತುದಿಗೆ ತಂಪು ತಾಗಿದರೆ ಚೊಂಬು ಕೆಳಗಿಡಿ. ಪೂರ್ತಿ ಒಣಗಿದ್ದರೆ ತಳದಿಂದ ಹರಿಯುವವರೆಗೆ ಧಾರಾಳವಾಗಿ ಕೊಡಿ. ದಿನವೂ ಅರ್ಧ ಲೋಟ ಚಿಮುಕಿಸುವುದು ಅತ್ಯಂತ ಕೆಟ್ಟ ಅಭ್ಯಾಸ, ಮೇಲಿನ ಒಂದಂಗುಲ ಸದಾ ಒದ್ದೆ, ಕೆಳಗಿನ ಬೇರು ಸದಾ ಒಣ. ಕುಂಡ ಸಣ್ಣದಾದರೆ ಎತ್ತಿ ತೂಕ ನೋಡುವುದೂ ಒಳ್ಳೆಯ ಉಪಾಯ. ನೀರುಂಡ ಕುಂಡಕ್ಕೂ ಒಣಗಿದ ಕುಂಡಕ್ಕೂ ಇರುವ ವ್ಯತ್ಯಾಸ ಕೈಗೆ ಬೇಗ ಗೊತ್ತಾಗುತ್ತದೆ.

ಒಂದು ಅಂದಾಜು ಬೇಕೆಂದರೆ: ಚಳಿಗಾಲದಲ್ಲಿ ಐದರಿಂದ ಏಳು ದಿನಕ್ಕೊಮ್ಮೆ, ಏಪ್ರಿಲ್‌ನಲ್ಲಿ ಎರಡು ಮೂರು ದಿನಕ್ಕೊಮ್ಮೆ, ಮಳೆ ಹಿಡಿದಾಗ ಏನೂ ಬೇಡ. ನೀರು ಬೆಳಿಗ್ಗೆಯೇ ಕೊಡಿ, ಬುಡಕ್ಕೆ ಕೊಡಿ.

ನಮ್ಮ ನೀರಿನ ಬಗ್ಗೆಯೂ ಹೇಳಬೇಕು. ಕೋಲಾರದ ಕೊಳವೆಬಾವಿಗಳ ನೀರು ಗಡಸು ಎಂಬುದನ್ನು ಪಾತ್ರೆಯ ತಳವೇ ಹೇಳುತ್ತದೆ. ಸೇಜ್‌ಗೆ ಸುಣ್ಣದ ಅಂಶ ಅಷ್ಟಾಗಿ ಬಾಧಿಸುವುದಿಲ್ಲ, ಆದ್ದರಿಂದ ಬೋರ್ ನೀರು ನಡೆಯುತ್ತದೆ. ಆದರೆ ಕುಂಡದ ಹೊರಮೈಯಲ್ಲಿ, ಮಣ್ಣಿನ ಮೇಲೆ ಬಿಳಿ ಪೊರೆ ಕಟ್ಟಿಕೊಂಡರೆ ಲವಣ ಸೇರುತ್ತಿದೆ ಎಂದರ್ಥ. ಮೇಲಿನ ಅರ್ಧ ಅಂಗುಲ ಮಣ್ಣನ್ನು ಕೆರೆದು ತೆಗೆದು, ಹಿಡಿದಿಟ್ಟ ಮಳೆನೀರಿನಿಂದ ಕುಂಡವನ್ನು ಒಮ್ಮೆ ಚೆನ್ನಾಗಿ ತೊಳೆದುಬಿಡಿ. ಫ್ಲೋರೈಡ್ ಕಾರಣಕ್ಕೆ ನಮ್ಮಲ್ಲಿ ಮನೆಮನೆಗೂ ಆರ್‌ಒ ಯಂತ್ರ ಬಂದಿದೆ. ಅದರಿಂದ ಹೊರಬೀಳುವ ನೀರನ್ನು ಚೆಲ್ಲಲು ಮನಸ್ಸಾಗದೆ ಗಿಡಗಳಿಗೆ ಹಾಕುವವರು ಬಹಳ. ಆ ನೀರಿನಲ್ಲಿ ಲವಣ ಇನ್ನಷ್ಟು ಸಾಂದ್ರವಾಗಿರುತ್ತದೆ. ನೆಲ ತೊಳೆಯಲು ಬಳಸಿ, ಕುಂಡಗಳಿಗೆ ಬೇಡ.

ಬಾಡಿದ ಗಿಡ ಕಂಡ ಕೂಡಲೇ ನೀರು ಸುರಿಯುವುದೂ ತಪ್ಪು. ಏಪ್ರಿಲ್ ಮಧ್ಯಾಹ್ನ ಎಲೆ ಜೋತುಬಿದ್ದು ಸಂಜೆ ತಾನೇ ಎದ್ದು ನಿಂತರೆ ಅದು ಬಿಸಿಲಿನಿಂದ ತನ್ನನ್ನು ಕಾಪಾಡಿಕೊಂಡದ್ದು. ಮಣ್ಣು ಒದ್ದೆಯಿದ್ದೂ ಎಲೆ ಜೋತುಬಿದ್ದರೆ, ಬುಡದ ಎಲೆಗಳು ಹಳದಿಯಾಗುತ್ತಿದ್ದರೆ, ಕಾಂಡದ ಬುಡ ಕಪ್ಪಾಗಿದ್ದರೆ ಬೇರು ಕೊಳೆಯುತ್ತಿದೆ. ಆಗ ತಡಮಾಡಬೇಡಿ. ತುದಿಯ ಆರೋಗ್ಯವಾದ ಕೊಂಬೆಗಳಿಂದ ಅಂದೇ ಕಡ್ಡಿ ತೆಗೆದು ಮರಳಿಗೆ ಹಾಕಿ. ತಾಯಿ ಗಿಡ ಉಳಿಯುವುದು ಕಷ್ಟ, ಮರಿ ಉಳಿಯಬಹುದು.

ಬೇಸಿಗೆ

ದಿನಕ್ಕೆ ಆರು ಗಂಟೆ ನೇರ ಬಿಸಿಲು ಬೇಕೇ ಬೇಕು. ಅದಿಲ್ಲದಿದ್ದರೆ ಗಿಡ ಸಪೂರವಾಗಿ ಎಳೆದುಕೊಂಡು ಬೆಳೆಯುತ್ತದೆ, ಘಮವೂ ತೆಳುವಾಗುತ್ತದೆ. ಪೂರ್ವಕ್ಕೆ ತೆರೆದ ತಾರಸಿ ಅಥವಾ ಅಂಗಳ ಅತ್ಯುತ್ತಮ. ತಾಪಮಾನ 35 ಡಿಗ್ರಿ ದಾಟುವ ದಿನಗಳಲ್ಲಿ ಮಧ್ಯಾಹ್ನ ಒಂದರ ಮೇಲೆ ನೆರಳು ಸಿಗುವಂತೆ ಕುಂಡವನ್ನು ಸರಿಸಿ, ಇಲ್ಲವೇ ಅರ್ಧ ಬೆಳಕು ಬಿಡುವ ನೆರಳು ಪರದೆ ಕಟ್ಟಿ. ಕಾಂಕ್ರೀಟ್ ತಾರಸಿಯ ಕಾವು ಸಂಜೆ ಏಳರವರೆಗೂ ಆರುವುದಿಲ್ಲ. ಕುಂಡವನ್ನು ನೇರವಾಗಿ ಅದರ ಮೇಲಿಡದೆ ಎರಡು ಇಟ್ಟಿಗೆಗಳ ಮೇಲಿಟ್ಟರೆ ಅಡಿಯಲ್ಲಿ ಗಾಳಿಯಾಡುತ್ತದೆ, ಮಳೆಗಾಲದಲ್ಲಿ ತೂತು ಮುಚ್ಚುವುದೂ ಇಲ್ಲ.

ರೋಮಭರಿತ ಎಲೆಯಾದ್ದರಿಂದ ದೂಳನ್ನು ಹಿಡಿದುಕೊಳ್ಳುತ್ತದೆ. ಹೆದ್ದಾರಿಯ ಹತ್ತಿರ, ಕ್ರಷರ್‌ಗಳ ಹತ್ತಿರ ಮನೆಯಿರುವವರು ಬೇಸಿಗೆಯಲ್ಲಿ ಹದಿನೈದು ದಿನಕ್ಕೊಮ್ಮೆ ಬೆಳಿಗ್ಗೆ ಎಲೆಗಳನ್ನು ನೀರಿನಿಂದ ತೊಳೆಯಿರಿ. ಬಿಸಿಲು ಏರುವ ಮೊದಲು ಆರಬೇಕು.

ಸೆಪ್ಟೆಂಬರ್‌ನಿಂದ ನವೆಂಬರ್‌ವರೆಗೆ

ಜೂನ್, ಜುಲೈ ನಮ್ಮಲ್ಲಿ ಬರೀ ಮೋಡ, ಗಾಳಿ, ತುಂತುರು. ಸೇಜ್ ಆಗ ಚೆನ್ನಾಗಿಯೇ ಇರುತ್ತದೆ. ವರ್ಷದ ಹೆಚ್ಚಿನ ಮಳೆ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಬೀಳುತ್ತದೆ. ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿದರೆ ನವೆಂಬರ್‌ನಲ್ಲೂ ದಿನಗಟ್ಟಲೆ ಜಡಿಮಳೆ. 2021ರ ನವೆಂಬರ್ ನೆನಪಿಸಿಕೊಳ್ಳಿ, ಜಿಲ್ಲೆಯ ಕೆರೆಗಳು ಕೋಡಿ ಹರಿದ ವರ್ಷ ಅದು. ಜನಕ್ಕೆ ಹಬ್ಬವಾದ ಅಂಥ ಮಳೆಯಲ್ಲಿ ಬಯಲಲ್ಲಿಟ್ಟ ಸೇಜ್ ಒಂದು ವಾರವೂ ತಾಳುವುದಿಲ್ಲ.

ಗಣೇಶನ ಹಬ್ಬದ ಹೊತ್ತಿಗೆ ಮೂರು ಕೆಲಸ ಮುಗಿಸಿಟ್ಟುಕೊಳ್ಳಿ. ಕುಂಡವನ್ನು ಸೂರಿನಂಚಿನ ಕೆಳಗೆ, ಬೆಳಕು ಬೀಳುವ ಆದರೆ ಮಳೆ ನೇರವಾಗಿ ಬೀಳದ ಜಾಗಕ್ಕೆ ತನ್ನಿ. ಸೂರಿನ ನೀರು ಸುರಿಯುವ ಗೆರೆಯ ಮೇಲೆ ಮಾತ್ರ ಇಡಬೇಡಿ. ಅಂಥ ಜಾಗವಿಲ್ಲದವರು ನಾಲ್ಕು ಗಳ ನೆಟ್ಟು ಮೇಲೊಂದು ಪಾರದರ್ಶಕ ಪಾಲಿಥೀನ್ ಹಾಳೆ ಕಟ್ಟಿ, ಬದಿಗಳು ಪೂರ್ತಿ ತೆರೆದಿರಲಿ. ಮುಚ್ಚಿದರೆ ಒಳಗಿನ ತೇವವೇ ಬೂಷ್ಟು ತರುತ್ತದೆ. ಎರಡನೆಯದು, ಮಣ್ಣಿಗೆ ತಾಗುವ ಕೆಳಗಿನ ಎಲೆಗಳನ್ನೆಲ್ಲ ಬಿಡಿಸಿ, ಗಿಡದ ನಡುವಿನ ದಟ್ಟಣೆಯಲ್ಲಿ ಒಂದೆರಡು ತೆಳು ಕೊಂಬೆ ತೆಗೆದು ಗಾಳಿಗೆ ದಾರಿ ಮಾಡಿ. ಮೂರನೆಯದು, ಕುಂಡದ ಕೆಳಗಿನ ತಟ್ಟೆ ತೆಗೆದುಹಾಕಿ. ತಟ್ಟೆಯಲ್ಲಿ ನಿಂತ ನೀರಿನಲ್ಲಿ ಬೇರು ಕೊಳೆಯುತ್ತದೆ, ಜೊತೆಗೆ ಡೆಂಗಿ ಸೊಳ್ಳೆಯೂ ಮೊಟ್ಟೆಯಿಡುತ್ತದೆ.

ಗೊಬ್ಬರ

ಕಡಿಮೆ ಇದ್ದಷ್ಟೂ ಒಳ್ಳೆಯದು. ಜೂನ್‌ನಲ್ಲಿ ಒಂದು ಹಿಡಿ, ಡಿಸೆಂಬರ್‌ನಲ್ಲಿ ಒಂದು ಹಿಡಿ ಎರೆಗೊಬ್ಬರ ಸಾಕು. ಯೂರಿಯಾ ಮುಟ್ಟಬೇಡಿ. ಸಾರಜನಕ ಹೆಚ್ಚಾದರೆ ಎಲೆ ದೊಡ್ಡದಾಗಿ, ಮೆತ್ತಗಾಗಿ, ಘಮ ಕಳೆದುಕೊಳ್ಳುತ್ತದೆ, ಸಸ್ಯಹೇನು ಬರುತ್ತದೆ. ರೇಷ್ಮೆ ಮನೆಯ ಹಿಕ್ಕೆ ನಮ್ಮ ಕಡೆ ಸುಲಭವಾಗಿ ಸಿಗುತ್ತದೆ, ಆದರೆ ಪೂರ್ತಿ ಕಳಿತದ್ದಾದರೆ ಮಾತ್ರ ಬಳಸಿ.

ಚಿವುಟುವುದು, ಕತ್ತರಿಸುವುದು

ಗಿಡ ಒಂದು ಗೇಣು ಎತ್ತರವಾದಾಗ ತುದಿ ಚಿವುಟಿ. ಕೆಳಗಿನ ಗಿಣ್ಣುಗಳಿಂದ ಎರಡೆರಡು ಕವಲು ಒಡೆಯುತ್ತವೆ. ಆ ಕವಲುಗಳೂ ಬೆರಳುದ್ದ ಬೆಳೆದ ಮೇಲೆ ಮತ್ತೆ ಚಿವುಟಿ. ಹೀಗೆ ಮಾಡಿದ ಗಿಡ ಪೊದೆಯಾಗಿ ತುಂಬಿಕೊಳ್ಳುತ್ತದೆ. ಬಿಟ್ಟದ್ದು ನಾಲ್ಕು ಉದ್ದ ಕಡ್ಡಿಗಳಾಗಿ ನಿಲ್ಲುತ್ತದೆ.

ದೊಡ್ಡ ಕತ್ತರಿಕೆ ವರ್ಷಕ್ಕೊಮ್ಮೆ, ಮಳೆ ನಿಂತ ನವೆಂಬರ್ ಕೊನೆಯಲ್ಲಿ. ಒಟ್ಟು ಎತ್ತರದ ಮೂರನೇ ಒಂದು ಭಾಗ ತೆಗೆಯಿರಿ. ಕತ್ತರಿ ಹಾಕುವ ಜಾಗದ ಕೆಳಗೆ ಹಸಿರೆಲೆ ಉಳಿದಿದೆಯೇ ಎಂದು ಪ್ರತಿ ಕೊಂಬೆಗೂ ನೋಡಿಕೊಳ್ಳಬೇಕು. ಎಲೆಯಿಲ್ಲದ ಕಂದು ಕಟ್ಟಿಗೆಯವರೆಗೆ ಇಳಿಸಿ ಕತ್ತರಿಸಿದರೆ ಆ ಕೊಂಬೆ ಮತ್ತೆ ಚಿಗುರುವ ಭರವಸೆಯಿಲ್ಲ. ಗುಲಾಬಿಯನ್ನು ಕತ್ತರಿಸಿ ಪಳಗಿದವರು ಇಲ್ಲಿ ವಿಶೇಷ ಎಚ್ಚರ ವಹಿಸಬೇಕು. ಬೇಸಿಗೆಯಲ್ಲಿ ಕತ್ತರಿ ಮುಟ್ಟಬೇಡಿ.

ಚಳಿಗಾಲ ಕಳೆದ ಮೇಲೆ ನೇರಳೆ ಹೂವಿನ ತೆನೆ ಬಂದರೆ ಒಂದೆರಡನ್ನು ಜೇನುಹುಳಗಳಿಗೆ ಬಿಟ್ಟು ಉಳಿದವನ್ನು ಚಿವುಟಿ. ಹೂವು ಬಾರದಿದ್ದರೆ ಗಿಡಕ್ಕೆ ಏನೋ ಕೊರತೆಯೆಂದು ಚಿಂತಿಸುವುದು ಬೇಡ. ನಮಗೆ ಬೇಕಾದದ್ದು ಎಲೆ.

ಕೀಟ, ರೋಗ

ಈ ಘಮಕ್ಕೆ ಹೆಚ್ಚಿನ ಹುಳಗಳು ಹತ್ತಿರ ಬರುವುದಿಲ್ಲ. ಬರುವವು ಕೆಲವೇ. ಟೊಮೆಟೊ ಹೊಲ ಹತ್ತಿರವಿದ್ದರೆ ಬಿಳಿನೊಣ ಬರುತ್ತದೆ. ಗಿಡ ಅಲುಗಿಸಿದರೆ ಬಿಳಿ ಪುಡಿ ಹಾರಿದಂತೆ ಕಾಣುತ್ತದೆ. ಮಾರ್ಚ್‌ನಿಂದ ಮೇವರೆಗೆ ಜೇಡನುಸಿ: ಎಲೆಯ ಮೇಲೆ ಮಂಕಾದ ಸಣ್ಣ ಚುಕ್ಕೆ, ತಳದಲ್ಲಿ ನವಿರಾದ ಬಲೆ. ಎರಡಕ್ಕೂ ಮೊದಲ ಮದ್ದು ನೀರಿನ ಜೋರು ಸಿಂಪಡಣೆ, ಎಲೆಯ ಅಡಿಗೆ ತಾಗುವಂತೆ, ಬೆಳಗಿನ ಹೊತ್ತು. ಬಗ್ಗದಿದ್ದರೆ ಒಂದು ಲೀಟರ್ ನೀರಿಗೆ 5 ಮಿಲಿಲೀಟರ್ ಬೇವಿನೆಣ್ಣೆ, ಕೆಲವು ಹನಿ ಸೋಪಿನ ದ್ರಾವಣ ಬೆರೆಸಿ ಸಂಜೆ ಸಿಂಪಡಿಸಿ. ಆಮೇಲೆ ಒಂದು ವಾರ ಎಲೆ ಕೀಳಬೇಡಿ. ಬೂದಿರೋಗ ಬಂದರೆ, ಅಂದರೆ ಎಲೆಯ ಮೇಲೆ ಬಿಳಿ ಪುಡಿಯಂಥ ಬೂಷ್ಟು ಹರಡಿದರೆ, ಆ ಎಲೆಗಳನ್ನು ತೆಗೆದು ಸುಟ್ಟು, ಕುಂಡವನ್ನು ಗಾಳಿಯಾಡುವ ಕಡೆ ಇಡಿ.

ಎಲೆ ಕೊಯ್ಯುವುದು, ಒಣಗಿಸುವುದು

ಇಬ್ಬನಿ ಆರಿದ ಮೇಲೆ, ಬಿಸಿಲು ಚುರುಕಾಗುವ ಮೊದಲು ಕೊಯ್ಯಿರಿ. ಆಗ ಎಲೆಯಲ್ಲಿ ಎಣ್ಣೆಯ ಅಂಶ ಚೆನ್ನಾಗಿರುತ್ತದೆ. ಒಂದೊಂದೇ ಎಲೆ ಕಿತ್ತು ಕೊಂಬೆ ಬೋಳು ಮಾಡುವುದಕ್ಕಿಂತ ತುದಿಯನ್ನೇ ನಾಲ್ಕೆಲೆಯ ಸಮೇತ ಚಿವುಟಿ. ಅಡುಗೆಗೂ ಆಯಿತು, ಗಿಡವೂ ಕವಲೊಡೆಯಿತು. ಒಂದು ಸಲಕ್ಕೆ ಗಿಡದ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಬೇಡ.

ಒಣಗಿಸಲು ಫೆಬ್ರವರಿ ಒಳ್ಳೆಯ ಕಾಲ, ಗಾಳಿ ಒಣಗಿರುತ್ತದೆ. ಎಲೆಗಳನ್ನು ತೆಳುವಾದ ಬಟ್ಟೆಯ ಮೇಲೆ ಒಂದರ ಮೇಲೊಂದು ಬೀಳದಂತೆ ಹರಡಿ, ನೆರಳಿನಲ್ಲಿ, ಗಾಳಿಯಾಡುವ ಕೋಣೆಯಲ್ಲಿಡಿ. ಬಿಸಿಲಿಗೆ ಹಾಕಿದರೆ ಬಣ್ಣವೂ ಘಮವೂ ಹೋಗುತ್ತವೆ. ವಾರದಿಂದ ಹತ್ತು ದಿನದಲ್ಲಿ ಒಣಗುತ್ತದೆ. ಎಲೆ ದಪ್ಪವಾದ್ದರಿಂದ ಮೇಲೆ ಒಣಗಿದಂತೆ ಕಂಡರೂ ನಡುನರದಲ್ಲಿ ತೇವ ಉಳಿದಿರಬಹುದು. ಆ ನರವನ್ನು ಮುರಿದಾಗ ‘ಚಟ್’ ಎಂದು ಸದ್ದು ಬಂದರೆ ಮಾತ್ರ ಗಾಜಿನ ಡಬ್ಬಿಗೆ ತುಂಬಿ. ಪುಡಿ ಮಾಡಿಡಬೇಡಿ, ಬಳಸುವಾಗ ಅಂಗೈಯಲ್ಲಿ ಉಜ್ಜಿಕೊಳ್ಳಿ. ಒಂದು ವರ್ಷ ಇರುತ್ತದೆ.

ಅಡುಗೆಮನೆಯಲ್ಲಿ

ಕೊತ್ತಂಬರಿಯಂತೆ ಕೊನೆಗೆ ಉದುರಿಸುವ ಸೊಪ್ಪಲ್ಲ ಇದು. ಹಸಿ ಎಲೆಯ ರುಚಿ ಕಟು, ಎಣ್ಣೆ ಅಥವಾ ತುಪ್ಪದ ಬಿಸಿಗೆ ತಾಗಿದಾಗ ಮಾತ್ರ ಅದರ ನಿಜವಾದ ಘಮ ಬಿಡುತ್ತದೆ. ಎರಡು ಚಮಚ ತುಪ್ಪ ಕಾಯಿಸಿ ಐದಾರು ಎಲೆ ಹಾಕಿ. ಅಂಚು ಮುದುರಿ ಗರಿಗರಿಯಾದ ಕೂಡಲೇ ತೆಗೆಯಿರಿ, ಕಂದಾದರೆ ಕಹಿ. ಆ ತುಪ್ಪವನ್ನು ಬೇಯಿಸಿದ ಆಲೂಗಡ್ಡೆಗೋ ಸಿಹಿಗುಂಬಳಕ್ಕೋ ಹಾಕಿ ಮೇಲೆ ಗರಿ ಎಲೆಗಳನ್ನು ಪುಡಿ ಮಾಡಿ. ಇಟಲಿಯವರು ಸೇಜ್‌ಗೆ ಬೀನ್ಸ್ ಕಾಳುಗಳನ್ನು ಜೋಡಿಸುತ್ತಾರೆ. ನಮ್ಮಲ್ಲಿ ಸೊಗಡಿನ ಅವರೆ ಬರುವ ಡಿಸೆಂಬರ್‌ನಲ್ಲಿ ಹಿದುಕಿದ ಬೇಳೆಯನ್ನು ಉಪ್ಪು ಹಾಕಿ ಬೇಯಿಸಿ, ಬೆಳ್ಳುಳ್ಳಿಯ ಜೊತೆ ಮೂರು ಸೇಜ್ ಎಲೆಗಳ ಒಗ್ಗರಣೆ ಕೊಟ್ಟು ನೋಡಿ. ದೊಡ್ಡಪತ್ರೆ ಬಜ್ಜಿಯಂತೆ ಕಡಲೆಹಿಟ್ಟಿನಲ್ಲಿ ಅದ್ದಿ ಕರಿದರೂ ಸೊಗಸು. ಇದಕ್ಕೆ ದೊಡ್ಡ ಎಲೆಗಳನ್ನು ಆರಿಸಿಕೊಳ್ಳಿ.

ಎಚ್ಚರಿಕೆಯೊಂದನ್ನು ಹೇಳಲೇಬೇಕು. ಸೇಜ್‌ನಲ್ಲಿ ಥುಜೋನ್ ಎಂಬ ಅಂಶವಿದೆ, ಹೆಚ್ಚಾದರೆ ಅದು ನರಗಳಿಗೆ ಒಳ್ಳೆಯದಲ್ಲ. ಅಡುಗೆಯ ಪ್ರಮಾಣದಿಂದ ಭಯವಿಲ್ಲ. ಆದರೆ ಕಷಾಯವನ್ನು ದಿನವೂ ಲೋಟಗಟ್ಟಲೆ ಕುಡಿಯುವುದು, ಸೇಜ್ ಎಣ್ಣೆಯನ್ನು ಹೊಟ್ಟೆಗೆ ತೆಗೆದುಕೊಳ್ಳುವುದು ಬೇಡವೇ ಬೇಡ. ಗರ್ಭಿಣಿಯರು, ಎದೆಹಾಲುಣಿಸುವ ತಾಯಂದಿರು, ಅಪಸ್ಮಾರವಿರುವವರು ಕಷಾಯದಿಂದ ದೂರವಿರಲಿ. ಸಕ್ಕರೆ ಕಾಯಿಲೆಗೆ ಮಾತ್ರೆ ತೆಗೆದುಕೊಳ್ಳುವವರು ವೈದ್ಯರನ್ನು ಕೇಳಿಕೊಂಡೇ ಕುಡಿಯಲಿ.

ನಾಲ್ಕನೆಯ ವರ್ಷ

ಮೂರು ನಾಲ್ಕು ವರ್ಷಕ್ಕೆ ಸೇಜ್‌ನ ಬುಡ ಕಟ್ಟಿಗೆಯಾಗಿ, ನಡುವೆ ಬೋಳಾಗಿ, ಎಲೆ ತುದಿಗಳಲ್ಲಿ ಮಾತ್ರ ಉಳಿಯುತ್ತದೆ. ಅದು ರೋಗವಲ್ಲ, ವಯಸ್ಸು. ಮೂರನೆಯ ನವೆಂಬರ್‌ನಲ್ಲಿಯೇ ಎರಡು ಕೊಂಬೆಗಳನ್ನು ಮಲಗಿಸಿ ಬೇರು ಬರಿಸಿಕೊಳ್ಳಿ, ಒಂದನ್ನು ನಿಮಗೆ ಇಟ್ಟುಕೊಂಡು ಇನ್ನೊಂದನ್ನು ಪಕ್ಕದ ಮನೆಗೆ ಕೊಡಿ. ಮಳೆಗಾಲದಲ್ಲಿ ನಿಮ್ಮ ಗಿಡಕ್ಕೆ ಏನಾದರೂ ಆದರೆ ಕಡ್ಡಿ ಕೇಳಲು ಹತ್ತಿರದಲ್ಲೇ ಒಂದು ಗಿಡವಿರುತ್ತದೆ. ಹೊಸ ಗಿಡಕ್ಕೆ ಹೊಸ ಮಿಶ್ರಣವನ್ನೇ ಮಾಡಿ. ಹಳೆಯ ಕುಂಡದ ಮಣ್ಣನ್ನು ಹಿತ್ತಲಿನ ಕರಿಬೇವಿನ ಬುಡಕ್ಕೆ ಹಾಕಿ, ಅದರೊಳಗಿನ ಹೆಂಚಿನ ಚೂರನ್ನು ಜರಡಿ ಹಿಡಿದು ತೊಳೆದು ಒಣಗಿಸಿಟ್ಟುಕೊಂಡರೆ ಮತ್ತೆ ಬಳಸಬಹುದು.